ಸೈನ್ಯ ಬಿಟ್ಟ ಲಾರಿ ಇನ್ನು ಯಾರ ಕೈಗೆ?

ಸೈನ್ಯವು ಹರಾಜು ಹಾಕಿದ ಹಳೆಯ ಸರಕು ಲಾರಿಯೊಂದನ್ನು ತಂದು, ತುಕ್ಕು ಕೆರೆದು, ಎಂಜಿನ್ ಬಿಚ್ಚಿ ಕಟ್ಟಿ, ಬಣ್ಣ ಬಳಿದು ಮಾರಾಟಕ್ಕೆ ನಿಲ್ಲಿಸಿದರೆ ಕುಪ್ಪೇಲೂರಿನಂಥ ಊರಿನಲ್ಲಿ ನೋಡಲು ಜನ ಸೇರುತ್ತಾರೆ. ದುರಸ್ತಿ ಮಾಡಿದವನ ಶ್ರಮ ಗೌರವಕ್ಕೆ ಅರ್ಹವಾದುದು. ಬಳಸಿ ಬಿಸಾಡುವ ಈ ಕಾಲದಲ್ಲಿ ಹಳೆಯದನ್ನು ಉಳಿಸಿಕೊಳ್ಳುವುದೂ ಪರಿಸರದ ಕೆಲಸವೇ. ಆದರೆ ಆ ಲಾರಿ ಯಾವ ಕೆಲಸಕ್ಕೆ ಹೋಗುತ್ತದೆಂಬ ಪ್ರಶ್ನೆಯನ್ನು ಮಾರುವವನೂ ಕೇಳುವುದಿಲ್ಲ, ಕೊಳ್ಳುವವನೂ ಹೇಳುವುದಿಲ್ಲ.

ಇದು ಹೊಸ ಕಥೆಯಲ್ಲ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಹೆಚ್ಚುವರಿಯಾಗಿ ಉಳಿದ ಲಾರಿ, ಜೀಪುಗಳು ನಾಗರಿಕರ ಕೈಸೇರಿದವು. ಎತ್ತಿನ ಗಾಡಿ ಏರಲಾರದ ಘಟ್ಟದ ದಾರಿಗಳಲ್ಲಿ ಅವು ದಿಮ್ಮಿ ಹೊತ್ತು ಇಳಿದವು. ಬಳಿಕ ಜರ್ಮನಿಯ ಮ್ಯಾನ್ ಕಂಪನಿಯ ತಂತ್ರಜ್ಞಾನದಿಂದ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ನಮ್ಮ ಸೈನ್ಯದ ಬೆನ್ನೆಲುಬಾಯಿತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ, ನೆಲದಿಂದ ಎತ್ತರಕ್ಕಿರುವ ಒಡಲು. ಕೆಸರು, ಮರಳು, ಹಳ್ಳ ಯಾವುದೂ ಅದಕ್ಕೆ ಅಡ್ಡಿಯಲ್ಲ. 1996ರಲ್ಲಿ ತಯಾರಿಕೆ ನಿಂತಿತು. ಅಂದರೆ ಅದರ ಕೊನೆಯ ಲಾರಿಗೂ ಈಗ ಸುಮಾರು ಮೂವತ್ತು ವರ್ಷ. ಭಾರತ್ ಸ್ಟೇಜ್ ಹೊಗೆ ನಿಯಮಗಳಿಗಿಂತ ಹಳೆಯದು.

ಸೈನಿಕನಿಗೆ ಬೇಕಾದ ಈ ಗುಣವೇ ಮರಳುಗಳ್ಳನಿಗೂ ಬೇಕು. ರಾಣೇಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಮಾಮೂಲಿ ಲಾರಿಯ ಗಾಲಿ ಹೂತುಹೋಗುವ ಪಾತ್ರದಲ್ಲಿ ಮಿಲಿಟರಿ ಲಾರಿ ಸಲೀಸಾಗಿ ತಿರುಗುತ್ತದೆ. ಮರಳು ಹೋದರೆ ನೀರು ಹಿಡಿದಿಡುವ ಪದರ ಹೋಗುತ್ತದೆ, ದಂಡೆ ಕುಸಿಯುತ್ತದೆ, ಬಾವಿ ಬತ್ತುತ್ತದೆ. ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿಯೇ ಹೇಳಿದೆ. ಆದರೆ ರಾತ್ರಿಯ ಲಾರಿ ಅನುಮತಿ ಕೇಳಿ ಹೊರಡುವುದಿಲ್ಲ.

"ಮಾರಿದ ಮೇಲೆ ನನ್ನ ಹೊಣೆ ಮುಗಿಯಿತು" ಎಂಬ ಮಾತು ಕಾನೂನಿನಲ್ಲೂ ನಿಲ್ಲದು. ಸೈನ್ಯದಿಂದ ಬಂದ ವಾಹನದ ನೋಂದಣಿಗೆ ಫಾರಂ 21ರ ಮೂಲ ಮಾರಾಟ ಪತ್ರ ಬೇಕು. ರಾಜ್ಯದೊಳಗೆ ಮಾರಿದರೆ ಹದಿನಾಲ್ಕು ದಿನಗಳೊಳಗೆ ಮಾರಿದವನು ಆರ್‌ಟಿಒ ಕಚೇರಿಗೆ ತಿಳಿಸಬೇಕು. ವಾಹನ ಕೈ ಬದಲಾದರೂ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿ ಹೆಸರಿರುವವನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ಕಾಗದ ವರ್ಗಾಯಿಸದೆ ಕೀಲಿ ಕೊಟ್ಟವನು ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡಂತೆ.

ಹಾಗಾದರೆ ಮಾರಲೇಬಾರದೇ? ಮಾರಲಿ. ಬೇಸಿಗೆಯಲ್ಲಿ ಕುರುಚಲು ಕಾಡಿಗೆ ಬೆಂಕಿ ಬಿದ್ದಾಗ ನೀರಿನ ಟ್ಯಾಂಕು ಹೊತ್ತು ಗುಡ್ಡ ಏರಬಲ್ಲ ವಾಹನಗಳು ನಮ್ಮಲ್ಲಿ ಎಷ್ಟಿವೆ? ನೆರೆ ಬಂದಾಗ ಜನರನ್ನು ಸಾಗಿಸಲು, ಮಳೆಗಾಲದಲ್ಲಿ ಸಸಿ ಒಯ್ಯಲು ಇದಕ್ಕಿಂತ ತಕ್ಕ ಲಾರಿ ಯಾವುದು? ಕೊಳ್ಳುವವನ ಉದ್ದೇಶವನ್ನು ಕೇಳಿ, ಕರಾರು ಪತ್ರದಲ್ಲಿ ಬರೆಸಿ, ನೋಂದಣಿ ಮತ್ತು ಅರ್ಹತಾ ಪತ್ರ ಸರಿಪಡಿಸಿಯೇ ಕೀಲಿ ಕೊಡಲಿ. ಹತ್ತು ಸಾವಿರ ಕಡಿಮೆ ಸಿಕ್ಕರೂ ಅದು ನಷ್ಟವಲ್ಲ.

1987ರ ನವೆಂಬರ್ 14ರಂದು ನಮ್ಮ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಕಿತ್ತು ಉಪಯುಕ್ತ ಸಸಿಗಳನ್ನು ನೆಟ್ಟರು. ಈ ನೆಲ ಯಾರ ಉಪಯೋಗಕ್ಕೆ ಎಂಬುದೇ ಅಂದಿನ ಪ್ರಶ್ನೆಯಾಗಿತ್ತು. ಊರ ಮುಂದೆ ನಿಂತ ಲಾರಿಯನ್ನು ಕಂಡಾಗಲೂ ಅದೇ ಪ್ರಶ್ನೆಯನ್ನು ಕೇಳೋಣ. ದೇಶ ಕಾಯ್ದ ಲಾರಿ ಹೊಳೆ ಕದಿಯುವಂತಾಗಬಾರದು.