ಭರಣಿಗೆ ಬಂದ ನೊಣ

ಕಳೆದ ವರ್ಷ ಮೇ ಕೊನೆಯಲ್ಲಿ ಚಿಕ್ಕಪ್ಪನ ಮಗ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಊರಿಂದ ಬಂದ. ಬರುವಾಗ ಗೋಣಿಚೀಲದಲ್ಲಿ ಎರಡು ಹಲಸಿನಕಾಯಿ ತಂದಿದ್ದ. ಪುತ್ತೂರಿನ ನಮ್ಮ ಮನೆಯ ಹಿಂದಿನ ಮರದ ಕಾಯಿ. ಅಪ್ಪ ತೀರಿಕೊಂಡ ಮೇಲೆ ಆ ಮನೆಗೆ ಬೀಗ ಹಾಕಿ ಅಮ್ಮನನ್ನು ಡೊಂಬಿವಿಲಿಗೆ ಕರೆದುಕೊಂಡು ಬಂದು ಏಳು ತಿಂಗಳಾಗಿತ್ತು. ಆ ಏಳು ತಿಂಗಳಲ್ಲಿ ಅಮ್ಮ ತನಗೆ ಬೇಕೆಂದು ಒಂದೂ ಕೇಳಿದವರಲ್ಲ. ಚಹಾ ಕೊಟ್ಟರೆ ಕುಡಿದರು, ಟಿ.ವಿ. ಹಾಕಿದರೆ ನೋಡಿದರು. ಅಂದು ಕಾಯಿಯ ಮುಳ್ಳಿನ ಮೇಲೆ ಕೈಯಾಡಿಸಿ ಕೇಳಿದರು: “ಉಪ್ಪುಸೊಳೆ ಹಾಕುವನಾ ಮಗಾ?”

ಹಾಲಿನಲ್ಲಿ ಪೇಪರ್ ಹಾಸಿ, ಕೈಗೆ ಎಣ್ಣೆ ಸವರಿ ಕುಳಿತೆವು. ಮೇಣ, ಗೂಂಜು, ಸಿಪ್ಪೆ ಒಂದು ಕಡೆ. ಬೇಳೆ ಇನ್ನೊಂದು ಕಡೆ. ಬಿಡಿಸಿದ ಸೊಳೆ ದೊಡ್ಡ ಪಾತ್ರೆಯಲ್ಲಿ. ಊರಿಂದ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದ ಭರಣಿ ಮಂಚದಡಿಯಿಂದ ಹೊರಬಂತು. ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಮಳೆಗಾಲದಲ್ಲಿ ತರಕಾರಿ ಸಿಗದ ದಿನಗಳಿಗೆಂದು ಎಳೆಯದೂ ಅಲ್ಲದ, ಹಣ್ಣೂ ಆಗದ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದೇ ಉಪ್ಪುಸೊಳೆ. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. ಆಟಿ ತಿಂಗಳಲ್ಲಿ ತೆಗೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ ಪಲ್ಯ, ರೊಟ್ಟಿ ಮಾಡುತ್ತಾರೆ.

ಹತ್ತು ದಿನ ಕಳೆಯಿತು. ಅಡುಗೆಮನೆಯಲ್ಲಿ ನೊಣ. ದೊಡ್ಡ ನೊಣವಲ್ಲ, ಎಳ್ಳಿನಷ್ಟು ಗಾತ್ರದ, ಕೆಂಪು ಕಣ್ಣಿನ, ಕೈ ಬೀಸಿದರೆ ಸೋಮಾರಿಯಾಗಿ ಎದ್ದು ಮತ್ತೆ ಅಲ್ಲೇ ಕೂರುವ ಹಣ್ಣಿನ ನೊಣ. ನಮ್ಮ ಕಡೆ ಕೆಲವರು ಗುಂಗುರು ಎನ್ನುತ್ತಾರೆ, ಇಲ್ಲಿಯವರು ಚಿಲಟ ಎನ್ನುತ್ತಾರೆ. ಮೊದಲು ಹತ್ತು, ಆಮೇಲೆ ನೂರು. ಎಲ್ಲವೂ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ. ಪಕ್ಕದ ಮನೆಯ ಕಾಕು ಬಾಗಿಲಲ್ಲೇ ನಿಂತು, ತಮ್ಮ ಮನೆಗೂ ಬರುತ್ತಿವೆ, ಏನೋ ಕೊಳೆತ ವಾಸನೆಯೂ ಬರುತ್ತಿದೆ ಎಂದರು. ನನಗೆ ಅವಮಾನವಾಯಿತು. ಆ ರಾತ್ರಿ ಅಮ್ಮ ಮಲಗಿದ ಮೇಲೆ ಜಿರಲೆಗೆಂದು ತಂದಿಟ್ಟಿದ್ದ ಸ್ಪ್ರೇ ತೆಗೆದು ಭರಣಿಯ ಸುತ್ತ, ಬಟ್ಟೆಯ ಮೇಲೆ ಹೊಡೆದೆ.

ಬೆಳಿಗ್ಗೆ ನೊಣ ಸತ್ತು ಬಿದ್ದಿದ್ದವು. ಬಟ್ಟೆ ವಿಷದಲ್ಲಿ ನೆನೆದಿತ್ತು. ಅದರಡಿಯ ಸೊಳೆಯನ್ನು ತಿನ್ನುವುದು ಹೇಗೆ? ಎರಡು ಕಾಯಿಯ ಸೊಳೆಯನ್ನು ನಾನೇ ಚೀಲಕ್ಕೆ ಸುರಿದು ಕೆಳಗೆ ಕೊಂಡುಹೋಗಿ ಒದ್ದೆ ಕಸದ ಡಬ್ಬಿಗೆ ಹಾಕಿದೆ. ಅಮ್ಮ ಬೈಯಲಿಲ್ಲ. ಭರಣಿಯನ್ನು ತೊಳೆದರು, ಬಾಲ್ಕನಿಯಲ್ಲಿ ಒಣಗಿಸಿದರು, ಮಂಚದಡಿ ಇಟ್ಟರು. ಸಂಜೆ ಮಾತ್ರ ತಮ್ಮಷ್ಟಕ್ಕೆ ಅಂದರು: “ಐವತ್ತು ವರ್ಷ ಹಾಕಿದ್ದೇನೆ, ಒಂದು ಸಲವೂ ಹೀಗಾಗಲಿಲ್ಲ. ನನ್ನ ಕೈಗುಣವೇ ಹೋಯ್ತು ಕಾಣ್ತದೆ.” ಮರುದಿನ ದೋಸೆಗೆ ಅಕ್ಕಿ ನೆನೆಸಲು ಹೇಳಿದರೆ, “ನೀವೇ ಹಾಕಿ, ನಾನು ಹಾಕಿದರೆ ಹುಳಿ ಬರುವುದಿಲ್ಲ” ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಈ ನೊಣ ಎಲ್ಲಿಂದ ಬರುತ್ತದೆ, ಯಾಕೆ ಬರುತ್ತದೆ ಎಂದು ಓದಲು ಕುಳಿತೆ.

ಓದಿದ ಮೇಲೆ ತಿಳಿದದ್ದು, ಇದು ಸಾಮಾನ್ಯ ನೊಣವಲ್ಲ. ಇದರ ಶಾಸ್ತ್ರೀಯ ಹೆಸರು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಈ ನೊಣಗಳನ್ನು ಹಾಲಿನ ಬಾಟಲಿಗಳಲ್ಲಿ ಸಾಕುತ್ತಿದ್ದಾಗ ಒಂದಕ್ಕೆ ಬಿಳಿ ಕಣ್ಣು ಕಂಡಿತು. ಅಲ್ಲಿಂದ ಹೊರಟ ಆನುವಂಶಿಕತೆಯ ಅಧ್ಯಯನಕ್ಕೆ 1933ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇವತ್ತಿಗೂ ಇದೇ ನೊಣದ ತಳಿಗಳನ್ನು ಜೋಪಾನವಾಗಿ ಕಾಪಾಡುತ್ತಾರೆ. ನಮ್ಮ ಮುಂಬಯಿಯ ಕೊಲಾಬಾದಲ್ಲೇ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಒಬೈದ್ ಸಿದ್ದಿಕಿ ಮತ್ತು ಅವರ ಶಿಷ್ಯೆ ವೆರೋನಿಕಾ ರೋಡ್ರಿಗಸ್ ಈ ನೊಣ ವಾಸನೆ ಮತ್ತು ರುಚಿಯನ್ನು ಹೇಗೆ ಗುರುತಿಸುತ್ತದೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬೆಂಗಳೂರಿನ ಎನ್‌ಸಿಬಿಎಸ್ ಕಟ್ಟಿದವರೂ ಇದೇ ಸಿದ್ದಿಕಿ.

ಈ ನೊಣಕ್ಕೆ ಬೇಕಾದದ್ದು ಹೊಲಸಲ್ಲ, ಹುಳಿ. ಹಣ್ಣು, ಹಿಟ್ಟು, ಉಪ್ಪುನೀರು ಹುದುಗುವಾಗ ಯೀಸ್ಟ್ ಬಿಡುವ ವಾಸನೆ, ಮದ್ಯಸಾರ, ವಿನೆಗರಿನ ಆಮ್ಲ, ಇವೇ ಅದಕ್ಕೆ ಕರೆಯೋಲೆ. ಅದರ ಮರಿಗಳು ತಿನ್ನುವುದೂ ಮುಖ್ಯವಾಗಿ ಯೀಸ್ಟನ್ನೇ. ಅಂದರೆ ಭರಣಿಯ ಮೇಲೆ ನೊಣ ಕೂತಿತು ಎಂದರೆ ಒಳಗೆ ಹುದುಗುವ ಕೆಲಸ ನಡೆದಿದೆ ಎಂದರ್ಥ. ಅಮ್ಮನ ಕೈಗುಣ ಕೆಟ್ಟಿರಲಿಲ್ಲ.

ಹಾಗಾದರೆ ಊರಲ್ಲಿ ಐವತ್ತು ವರ್ಷ ಯಾಕೆ ಹೀಗಾಗಲಿಲ್ಲ? ಇದಕ್ಕೆ ಉತ್ತರ ಪುಸ್ತಕದಲ್ಲಿರಲಿಲ್ಲ, ಅಮ್ಮನ ಹತ್ತಿರವೇ ಇತ್ತು. “ಸಿಪ್ಪೆ, ಗೂಂಜು ಎಲ್ಲ ಎಂತ ಮಾಡ್ತಿದ್ರಿ?” ಎಂದು ಕೇಳಿದೆ. “ಎಂತ ಮಾಡುದು, ಆಗಲೇ ಹಟ್ಟಿಗೆ. ದನ ತಿಂದಾಯ್ತು” ಎಂದರು. ಇಲ್ಲಿ? ಎರಡು ಹಲಸಿನಕಾಯಿಯ ಸಿಪ್ಪೆ ಮೂರು ದಿನ ಸಿಂಕಿನಡಿಯ ಡಬ್ಬಿಯಲ್ಲಿತ್ತು. ಒಂದೇ ಸಲ ಅಷ್ಟು ಕಸ ಕಚರಾವಾಲಾ ಒಯ್ಯುವುದಿಲ್ಲ ಎಂದು ನಾನೇ ಸ್ವಲ್ಪ ಸ್ವಲ್ಪ ಹಾಕುತ್ತಿದ್ದೆ. ಜೊತೆಗೆ ಮೇ ತಿಂಗಳ ಮಾವಿನ ಸಿಪ್ಪೆ, ಗೊರಟು.

ಲೆಕ್ಕ ಹಾಕಿ ನೋಡಿ. ಒಂದು ಹೆಣ್ಣು ನೊಣ ತನ್ನ ಜೀವಮಾನದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆ ಒಂದೇ ದಿನದಲ್ಲಿ ಒಡೆಯುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಹಾರುವ ನೊಣವಾಗಲು ಸುಮಾರು ಹತ್ತು ದಿನ ಸಾಕು. ನಾವು ಹಲಸು ಬಿಡಿಸಿದ ಹತ್ತನೇ ದಿನವೇ ಅಡುಗೆಮನೆ ತುಂಬಿದ್ದು ಇದಕ್ಕೇ. ಅವು ಕೂತದ್ದು ಭರಣಿಯ ಮೇಲೆ, ಆದರೆ ಹುಟ್ಟಿದ್ದು ಕಸದ ಡಬ್ಬಿಯಲ್ಲಿ. ಉಪ್ಪು ಸರಿಯಾಗಿ ಬಿದ್ದು ಸೊಳೆ ನೀರೊಳಗೆ ಮುಳುಗಿರುವ ಭರಣಿಯಲ್ಲಿ ಅದರ ಮರಿಗೆ ಬಾಳುವುದು ಕಷ್ಟ. ನಾನಂತೂ ಬಟ್ಟೆ ಬಿಚ್ಚಿ ಒಳಗೆ ನೋಡಿರಲೇ ಇಲ್ಲ. ಬಹುಶಃ ಅದರಲ್ಲಿ ಒಂದು ಹುಳವೂ ಇರಲಿಲ್ಲ.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮಾತಿಗಿಂತ ಮಾಡಿ ತೋರಿಸುವುದು ಮೇಲು ಎಂದುಕೊಂಡು ಮೊದಲು ಎರಡು ವಾರ ನೊಣದ ಹಿಂದೆ ಬಿದ್ದೆ. ಎರಡು ವಾರ ಯಾಕೆಂದರೆ, ಇವತ್ತು ಹಾರುವುದನ್ನೆಲ್ಲ ಕೊಂದರೂ ಮೊಟ್ಟೆ, ಕೋಶ ಉಳಿದಿರುತ್ತವೆ. ಆ ಒಂದು ಸುತ್ತು ಮುಗಿಯಬೇಕು.

ಹಣ್ಣಿನ ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಇಟ್ಟೆವು; ಬೆಳಿಗ್ಗೆ ಗಂಟೆ ಕೇಳಿದ ಮೇಲೆ ಹೊರಗೆ. ಹೆಂಡತಿ ಮೊದಲು ಮೂಗು ಮುರಿದಳು, ಈಗ ಅವಳೇ ಮಾಡುತ್ತಾಳೆ. ಡಬ್ಬಿಯನ್ನು ದಿನಾ ತೊಳೆದು ಒಣಗಿಸಿದೆವು. ಮಾವಿನಹಣ್ಣು, ಬಾಳೆಹಣ್ಣು ಕೆಲವು ದಿನ ಫ್ರಿಜ್ಜಿನೊಳಗೆ ಹೋದವು. ನೆಲ ಒರೆಸುವ ಬಟ್ಟೆ ಒದ್ದೆಯಾಗಿ ಮೂಲೆಯಲ್ಲಿ ಬಿದ್ದಿರಬಾರದು. ಬಿಯರ್, ಜ್ಯೂಸ್ ಬಾಟಲಿ ತೊಳೆಯದೆ ಭಂಗಾರಿಗೆಂದು ಕೂಡಿಡಬಾರದು. ಸಿಂಕಿನ ತೂತಿನ ಮೇಲೆ ರಾತ್ರಿ ಅಂಟುಪಟ್ಟಿಯನ್ನು ಅಂಟು ಕೆಳಗಾಗುವಂತೆ, ಅರ್ಧ ತೂತು ಮುಚ್ಚುವಂತೆ ಅಂಟಿಸಿಡಿ. ಬೆಳಿಗ್ಗೆ ಅದಕ್ಕೆ ನೊಣ ಅಂಟಿದ್ದರೆ ಅವು ಹುಟ್ಟುತ್ತಿರುವುದು ಅಲ್ಲೇ. ಆಗ ಉದ್ದ ಬ್ರಷ್ ಹಾಕಿ ಪೈಪಿನ ಲೋಳೆ ಉಜ್ಜಬೇಕು, ಬರೀ ನೀರು ಬಿಟ್ಟರೆ ಹೋಗುವುದಿಲ್ಲ. ಅಂಟಿದ್ದು ಪತಂಗದ ಹಾಗೆ ರೋಮದ ರೆಕ್ಕೆಯದ್ದಾದರೆ ಅದು ಬೇರೆಯೇ, ಮೋರಿಯ ನೊಣ. ಉಪಾಯ ಮಾತ್ರ ಅದೇ.

ಹಾರುವವುಗಳಿಗೆ ಬಟ್ಟಲು ಇಟ್ಟೆ. ಎರಡು ಚಮಚ ವಿನೆಗರ್, ಒಂದು ತುಂಡು ಕಳಿತ ಬಾಳೆಹಣ್ಣು, ಪಾತ್ರೆ ತೊಳೆಯುವ ದ್ರವದ ಎರಡು ಹನಿ. ಆ ಹನಿಯನ್ನು ಮರೆಯಬೇಡಿ. ಅದಿಲ್ಲದಿದ್ದರೆ ನೊಣ ನೀರಿನ ಮೇಲೆ ನಿಂತು ಕುಡಿದು ಹಾರಿಹೋಗುತ್ತದೆ. ಇದ್ದರೆ ಕಾಲೂರಿದ ಕೂಡಲೇ ಮುಳುಗುತ್ತದೆ. ಬಟ್ಟಲನ್ನು ಡಬ್ಬಿಯ ಹತ್ತಿರ ಇಡಿ, ಭರಣಿಯ ಪಕ್ಕದಲ್ಲಿ ಇಟ್ಟು ನೊಣವನ್ನು ಅಲ್ಲಿಗೇ ಕರೆಯಬೇಡಿ. ಸ್ಪ್ರೇ ಮಾತ್ರ ಬೇಡ. ತಿನ್ನುವ ಪದಾರ್ಥ ತೆರೆದಿರುವಲ್ಲಿ ಅದಕ್ಕೆ ಜಾಗವಿಲ್ಲ ಎಂಬುದನ್ನು ನಾನು ಎರಡು ಹಲಸಿನಕಾಯಿ ತೆತ್ತು ಕಲಿತೆ.

ಅಮ್ಮ ದಿನಾ ಬೆಳಿಗ್ಗೆ ಎದ್ದು ಬಟ್ಟಲು ನೋಡತೊಡಗಿದರು. “ಇವತ್ತು ಮೂವತ್ತೊಂದು.” “ಇವತ್ತು ಒಂಬತ್ತು.” ಜೂನ್ ಮೂರನೇ ವಾರ ಒಂದು ದಿನ, “ಎಂತದೂ ಇಲ್ಲ” ಎಂದರು. ಅದೇ ಸಂಜೆ ಠಾಣೆಯ ಮಾರ್ಕೆಟಿನಿಂದ ಒಂದು ಹಲಸಿನಕಾಯಿ ತಂದೆ. ಅಮ್ಮ ಅದನ್ನು ತಟ್ಟಿ ನೋಡಿ, “ನಮ್ಮದರಷ್ಟು ಒಳ್ಳೆದಿಲ್ಲ” ಎಂದರು. ಆದರೆ ಕತ್ತಿ ಹುಡುಕಿದರು.

ಈ ಸಲ ಭರಣಿಯ ಬಾಯಿಯನ್ನು ಅಮ್ಮನಿಗೇ ಬಿಟ್ಟೆ. ಸೊಳೆಯ ಮೇಲೆ ಬಾಳೆಲೆ, ಅದರ ಮೇಲೆ ಕುದಿಸಿ ಒಣಗಿಸಿದ ಹೊಳೆಕಲ್ಲು, ಒಂದು ಸೊಳೆಯೂ ನೀರಿನಿಂದ ತಲೆ ಎತ್ತದ ಹಾಗೆ. ಭರಣಿಯ ಅಂಚನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿದರು. ಹೊರಗೆ ಇಳಿದ ಒಂದು ಹನಿ ಉಪ್ಪುನೀರೂ ನೊಣಕ್ಕೆ ಸಾಕು. ಮೊದಲಿನ ಸಲ ನಾನು ಕೊಟ್ಟಿದ್ದು ಜಾಳು ಮಲ್‌ಮಲ್ ಬಟ್ಟೆ. ಈ ಪುಟ್ಟ ನೊಣಕ್ಕೆ ಅಂಥ ಬಟ್ಟೆಯ ಕಣ್ಣು, ಸೊಳ್ಳೆಪರದೆಯ ಕಣ್ಣು ನಂಬುವ ಹಾಗಿಲ್ಲ. ಈ ಸಲ ಅಪ್ಪನ ಹಳೆಯ ಪಂಚೆಯ ತುಂಡು, ಒತ್ತಾದ ನೇಯ್ಗೆಯದ್ದು, ಎರಡು ಮಡಿಕೆ ಮಾಡಿ ದಾರದಿಂದ ಬಿಗಿದು ಕಟ್ಟಿದರು. ಅದರ ಮೇಲೆ ಮುಚ್ಚಳ. ಉಪ್ಪಿನಲ್ಲಿ ಹಾಕಿದ್ದಕ್ಕೆ ಹೊರಗಿನ ಗಾಳಿ ಬೇಡ. ಒಳಗಿನ ಗಾಳಿ ಹೊರಹೋಗಲು ದಾರಿಯಿದ್ದರೆ ಸಾಕು. ಆದ್ದರಿಂದ ತಿರುಗಿಸಿ ಮುಚ್ಚುವ ಗಾಜಿನ ಬಾಟಲಿಯಾದರೆ ಮೊದಲ ಕೆಲವು ದಿನ ದಿನಕ್ಕೊಮ್ಮೆ ಸಡಿಲಿಸಿ ಕೂಡಲೇ ಮುಚ್ಚಿ. ಮನೆಯಲ್ಲಿ ವಿನೆಗರ್, ಕೊಂಬುಚಾ ಮಾಡುವವರಿಗೆ ಈ ಅನುಕೂಲವಿಲ್ಲ. ಅವಕ್ಕೆ ಗಾಳಿ ಬೇಕು, ಹಾಗಾಗಿ ಬಟ್ಟೆ ಒಂದೇ ಗತಿ.

ಇಷ್ಟಾದರೂ ಒಳಗೆ ನೊಣ ಸಿಕ್ಕರೆ? ಒಂದು ಮೇಲೆ ಬಿದ್ದು ಸತ್ತಿದ್ದರೆ ಸುತ್ತಲಿನದ್ದನ್ನು ಚಮಚದಲ್ಲಿ ತೆಗೆದು ಚೆಲ್ಲುತ್ತೇನೆ. ತೆಳ್ಳಗೆ ಬಿಳಿ ಕೆನೆ ಕಟ್ಟಿದ್ದರೆ ಕೆನೆ ತೆಗೆಯುತ್ತೇನೆ. ಬಿಳಿ ಹುಳ ಹರಿದಾಡುತ್ತಿದ್ದರೆ, ಹಸಿರು, ಕಪ್ಪು ಬೂಸ್ಟು ಎದ್ದಿದ್ದರೆ ಮೋಹ ಬೇಡ, ಪೂರ್ತಿ ಚೆಲ್ಲಿ. ಆದರೆ ಚೆಲ್ಲುವ ಮೊದಲು ಬಟ್ಟೆ ಬಿಚ್ಚಿ ಒಮ್ಮೆ ನೋಡಿ.

ಆಟಿ ಮುಗಿಯುವ ಮೊದಲು ಭರಣಿ ತೆರೆದೆವು. ಅಮ್ಮ ಒಂದು ಸೊಳೆ ತೆಗೆದು ಹಿಸುಕಿದರು, ಮೂಸಿದರು, ಏನೂ ಹೇಳದೆ ನೆನೆಹಾಕಿದರು. ಮರುದಿನ ರೊಟ್ಟಿ. ತಟ್ಟೆಯಲ್ಲಿ ಎರಡು ಇಟ್ಟು ಪಕ್ಕದ ಕಾಕುವಿಗೆ ಕೊಟ್ಟು ಬರಲು ನನಗೆ ಹೇಳಿದರು. ಕಾಕು ಕೇಳಿದ ಮೊದಲ ಪ್ರಶ್ನೆ, ಚಿಲಟ ಹೇಗೆ ಹೋದವು ಎಂದು. ಅವರ ಮನೆಯಲ್ಲಿ ಇನ್ನೂ ಇದ್ದವು.

ತಿರುಗಿ ಬಂದು ಹೇಳಿದಾಗ ಅಮ್ಮ ರೊಟ್ಟಿ ಮಗುಚುತ್ತಾ ಅಂದರು: “ಅವರ ಡಬ್ಬಿ ತೊಳಿಲಿಕ್ಕೆ ಹೇಳು. ಮತ್ತೆ, ನಾಳೆಗೆ ದೋಸೆಗೆ ನೆನೆಹಾಕ್ಲಿಕ್ಕುಂಟು, ಅಕ್ಕಿ ಎಲ್ಲಿಟ್ಟಿದ್ದೀರಿ?”