ಕುಳಿಯಿಂದ ಎಷ್ಟು ಕಿಲೋಮೀಟರ್?

ಬಾಲಿ ಪ್ರವಾಸದ ಪ್ಯಾಕೇಜುಗಳಲ್ಲಿ ಬಟೂರ್ ಬೆಟ್ಟ ಇದ್ದೇ ಇರುತ್ತದೆ. ಬೆಳಗಿನ ಜಾವ ಎರಡು ಗಂಟೆಗೆ ಹೋಟೆಲ್ ಬಿಟ್ಟು, ಟಾರ್ಚ್ ಹಿಡಿದು 1,717 ಮೀಟರ್ ಎತ್ತರದ ತುದಿ ಸೇರಿದರೆ ಸೂರ್ಯೋದಯ. ಬಂಡೆಯ ಬಿರುಕಿನಿಂದ ಬರುವ ಹಬೆಯಲ್ಲಿ ಗೈಡುಗಳು ಮೊಟ್ಟೆ, ಬಾಳೆಹಣ್ಣು ಬೇಯಿಸಿ ಕೈಗಿಡುತ್ತಾರೆ. ಚಳಿಯಲ್ಲಿ ಆ ಬಿಸಿ ಮೊಟ್ಟೆ ಸುಲಿಯುತ್ತಾ ಕೂತವರಿಗೆ, ಅದನ್ನು ಬೇಯಿಸಿದ ಒಲೆ ಯಾವುದೆಂದು ಹೊಳೆಯುವುದು ಕಡಿಮೆ. ಬಟೂರ್ ಜೀವಂತ ಜ್ವಾಲಾಮುಖಿ.

ಇದರಲ್ಲಿ ನಮ್ಮವರ ತಪ್ಪೇನೂ ಇಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿಯ ಎರೆಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಲ್ಲು ಸವೆದು ಆದದ್ದೇ. ಆದರೆ ಆ ಬೆಂಕಿ ಆರಿ ಯುಗಗಳೇ ಕಳೆದಿವೆ. ಇಂದು ದೇಶದಲ್ಲಿ ಉಗುಳುತ್ತಿರುವುದು ಅಂಡಮಾನಿನ ಬ್ಯಾರನ್ ದ್ವೀಪವೊಂದೇ, ಅಲ್ಲಿ ಜನವಸತಿ ಇಲ್ಲ. ಸಿಡಿಲಿನ ಹೊತ್ತಿನಲ್ಲಿ ಮರದ ಕೆಳಗೆ ನಿಲ್ಲಬೇಡ ಎಂದು ಹೇಳಿಕೊಟ್ಟ ನಮ್ಮ ಅಜ್ಜಿಯರಿಗೆ ಜ್ವಾಲಾಮುಖಿಯ ಬಗ್ಗೆ ಹೇಳಿಕೊಡಲು ಏನೂ ಇರಲಿಲ್ಲ. ನಾವು ಕಲಿತದ್ದೆಲ್ಲ ಸಿನಿಮಾದಿಂದ, ಅಲ್ಲಿ ಕಾಣುವುದು ಕೆಂಪಗೆ ಹರಿಯುವ ಲಾವಾ.

ಲಾವಾದಿಂದ ಬಹುಮಟ್ಟಿಗೆ ನಡೆದೇ ತಪ್ಪಿಸಿಕೊಳ್ಳಬಹುದು. ಜೀವ ತೆಗೆಯುವುದು ಬೇರೆ ಸಂಗತಿಗಳು. ಕುಳಿಯಿಂದ ಸಿಡಿದು ಬೀಳುವ ಕಲ್ಲುಗಳು ಒಂದು. ಬಿಸಿ ಅನಿಲ, ಬೂದಿ, ಕಲ್ಲು ಒಂದಾಗಿ ಇಳಿಜಾರಿನಲ್ಲಿ ಕಾರಿಗಿಂತ ಜೋರಾಗಿ ಉರುಳಿ ಬರುವ ಮೋಡ ಇನ್ನೊಂದು. 1902ರಲ್ಲಿ ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯರ್ ಪಟ್ಟಣವನ್ನು, ಸುಮಾರು 28,000 ಜನರೊಂದಿಗೆ, ನಿಮಿಷಗಳಲ್ಲಿ ಸುಟ್ಟದ್ದು ಅಂಥ ಮೋಡ. ಮೂರನೆಯದು ಬೂದಿ ನೀರಿನೊಡನೆ ಕಲಸಿ ಹೊಳೆಯ ಪಾತ್ರದಲ್ಲಿ ನುಗ್ಗುವ ಕೆಸರು. ಜಾವಾದ ಜನ ಅದನ್ನು ಲಹಾರ್ ಎನ್ನುತ್ತಾರೆ, ಜಗತ್ತೆಲ್ಲ ಅದೇ ಮಾತನ್ನು ಎರವಲು ಪಡೆದಿದೆ.

ಈ ಮೂರರಿಂದಲೂ ಕಾಯುವುದು ದೂರ. ಹಾಗಾಗಿ ಗೈಡನ್ನು "ಸೇಫಾ?" ಎಂದು ಕೇಳಬೇಡಿ. ಅದಕ್ಕೆ ಅವನ ಬಳಿ ಇರುವುದು ಒಂದೇ ಉತ್ತರ, ಅವನ ಅಂದಿನ ದುಡಿಮೆ ಅದರ ಮೇಲಿದೆ. ಕೇಳಬೇಕಾದ ಪ್ರಶ್ನೆ ಎರಡು: ಈ ಬೆಟ್ಟದ ಇವತ್ತಿನ ಎಚ್ಚರಿಕೆ ಮಟ್ಟ ಎಷ್ಟು? ಕುಳಿಯಿಂದ ಎಷ್ಟು ಕಿಲೋಮೀಟರ್ ಒಳಗೆ ಹೋಗಬಾರದು ಎಂದಿದ್ದಾರೆ? ಇಂಡೊನೇಷ್ಯಾದಲ್ಲಿ ಒಂದರಿಂದ ನಾಲ್ಕರವರೆಗೆ ಮಟ್ಟಗಳಿವೆ. ಅಲ್ಲಿನ ಸರ್ಕಾರಿ ಜ್ವಾಲಾಮುಖಿ ಕೇಂದ್ರದ 'ಮ್ಯಾಗ್ಮಾ ಇಂಡೊನೇಷ್ಯಾ' ತಾಣದಲ್ಲಿ ಪ್ರತಿ ಬೆಟ್ಟದ ಮಟ್ಟವನ್ನು ಮೊಬೈಲಿನಲ್ಲೇ ನೋಡಬಹುದು.

ಟಿಕೆಟ್ ಕೊಟ್ಟಿದ್ದಾರೆ, ಹಾಗಾದರೆ ಅಪಾಯವಿಲ್ಲ ಎಂದು ನಂಬುವುದು ಎಷ್ಟು ದುಬಾರಿ ಎಂಬುದಕ್ಕೆ ಸುಮಾತ್ರಾದ ಮರಾಪಿ ಸಾಕ್ಷಿ. ಅದು ಎರಡನೇ ಮಟ್ಟದಲ್ಲಿತ್ತು. ಕುಳಿಯಿಂದ ಮೂರು ಕಿಲೋಮೀಟರ್ ಒಳಗೆ ಯಾರೂ ಹೋಗಕೂಡದು ಎಂದು ವಿಜ್ಞಾನಿಗಳು ಹೇಳಿದ್ದರು. ಚಾರಣದ ಬುಕಿಂಗ್ ಮಾತ್ರ ನಡೆದೇ ಇತ್ತು. 2023ರ ಡಿಸೆಂಬರ್ 3ರ ಭಾನುವಾರ ಬೆಟ್ಟ ಸಿಡಿದಾಗ ಸುಮಾರು 75 ಚಾರಣಿಗರು ಅಲ್ಲಿದ್ದರು, 24 ಮಂದಿ ಸತ್ತರು. ಬುಕಿಂಗ್ ಮಾಡುವವರ ಮತ್ತು ಬೆಟ್ಟವನ್ನು ಅಳೆಯುವವರ ಮಾತು ಬೇರೆಯಾದಾಗ ಅಳೆಯುವವರ ಮಾತನ್ನೇ ಹಿಡಿಯಬೇಕು.

ಮಟ್ಟ ಕಡಿಮೆ ಇದ್ದರೆ? ಅಲ್ಲೂ ಪೂರ್ತಿ ನಿಶ್ಚಿಂತೆಯಿಲ್ಲ. ಜಪಾನಿನ ಒಂಟಾಕೆ 2014ರ ಸೆಪ್ಟೆಂಬರ್ 27ರಂದು ಸಿಡಿದಾಗ ಅದರ ಎಚ್ಚರಿಕೆ ಅತಿ ಕೆಳಗಿನ ಒಂದನೇ ಮಟ್ಟದಲ್ಲಿತ್ತು. ಶರತ್ಕಾಲದ ಎಲೆಬಣ್ಣ ನೋಡಲು ಬಂದವರಿಂದ ಶನಿವಾರದ ಮಧ್ಯಾಹ್ನ ತುದಿಯೆಲ್ಲ ತುಂಬಿತ್ತು. ನೆಲದೊಳಗಿನ ನೀರು ಕಾದು ಹಬೆಯಾಗಿ ಸಿಡಿಯುವ ಇಂಥ ಸ್ಫೋಟಕ್ಕೆ ಮುನ್ಸೂಚನೆ ಸಿಗುವುದು ಬಲು ಕಷ್ಟ. 63 ಜನ ಸತ್ತರು ಅಥವಾ ಕಾಣೆಯಾದರು, ಹೆಚ್ಚಿನವರು ಕಲ್ಲೇಟಿನಿಂದ. ತಕ್ಷಣ ಗುಡಿಸಲಿನೊಳಕ್ಕೋ ದೊಡ್ಡ ಬಂಡೆಯ ಮರೆಗೋ ಸೇರಿದವರಲ್ಲಿ ಅನೇಕರು ಉಳಿದರು. ಮರುವರ್ಷ ಜಪಾನಿನ ಹವಾಮಾನ ಸಂಸ್ಥೆ ಒಂದನೇ ಮಟ್ಟಕ್ಕಿದ್ದ 'ಸಾಮಾನ್ಯ' ಎಂಬ ಹೆಸರನ್ನೇ ತೆಗೆದು 'ಇದು ಜೀವಂತ ಜ್ವಾಲಾಮುಖಿ ಎಂಬುದು ಗಮನದಲ್ಲಿರಲಿ' ಎಂದು ಬರೆಯಿತು. ಆ ಒಂದು ವಾಕ್ಯಕ್ಕೆ ಅಷ್ಟು ಜೀವ ತೆರಬೇಕಾಯಿತು.

ಮೇಲೇರುವಾಗ ಹೆಲ್ಮೆಟ್ ಕೊಟ್ಟರೆ ಬೇಡ ಎನ್ನಬೇಡಿ. ಸದ್ದು ಕೇಳಿ ಕಪ್ಪು ಹೊಗೆ ಎದ್ದರೆ ಫೋನ್ ಜೇಬಿಗೆ ಹಾಕಿ, ಬ್ಯಾಗನ್ನು ತಲೆಯ ಮೇಲೆ ಹಿಡಿದು ಮರೆ ಹುಡುಕಿ. ಕಲ್ಲು ಬೀಳುವುದು ನಿಂತ ಕೂಡಲೇ ಇಳಿಯಿರಿ. ತಗ್ಗು, ಕಣಿವೆ, ಹಳ್ಳದ ಪಾತ್ರ ಬಿಟ್ಟು ಏಣಿನ ಮೇಲೆಯೇ ನಡೆಯಿರಿ: ಬಿಸಿಮೋಡ, ಕೆಸರು ಎರಡೂ ತಗ್ಗು ಹಿಡಿದೇ ಬರುತ್ತವೆ, ಗಾಳಿಗಿಂತ ಭಾರವಾದ ವಿಷಾನಿಲ ಕೂಡ ತಗ್ಗಿನಲ್ಲೇ ನಿಲ್ಲುತ್ತದೆ. ನೀಲಿ ಜ್ವಾಲೆ ನೋಡಲು ಜಾವಾದ ಇಜೆನ್‌ಗೆ ಹೋಗುವವರು, ಆಸ್ತಮಾ ಇದ್ದರೆ, ಆ ಗಂಧಕದ ಹೊಗೆಗೆ ಇಳಿಯದಿರುವುದೇ ಒಳ್ಳೆಯದು.

ದೂರದಲ್ಲಿದ್ದವರನ್ನು ಮುಟ್ಟುವುದು ಬೂದಿ. ಬೂದಿ ಎಂದರೆ ನಮಗೆ ಪಾತ್ರೆ ತಿಕ್ಕುವ ಒಲೆಯ ಬೂದಿ, ಬೆರಳಲ್ಲಿ ಉಜ್ಜಿದರೆ ಮೆತ್ತಗೆ ಪುಡಿಯಾಗುವಂಥದು. ಇದು ಕಲ್ಲು ಮತ್ತು ಗಾಜಿನ ಚೂರು. ಕಣ್ಣಿಗೆ ಬಿದ್ದರೆ ಉಜ್ಜಬಾರದು, ನೀರಿನಿಂದ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಬೇಕು, ಹೊರಗೆ ಹೋಗಲೇಬೇಕಾದರೆ ಎನ್-95 ಮಾಸ್ಕ್ ಬೇಕು.

ವಿಮಾನದ ಎಂಜಿನ್ನಿನ ಕಾವಿಗೆ ಈ ಗಾಜು ಕರಗಿ ಒಳಗೆಲ್ಲ ಮೆತ್ತಿಕೊಳ್ಳುತ್ತದೆ. 1982ರ ಜೂನ್ 24ರ ರಾತ್ರಿ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಗೆ ಸಿಕ್ಕ ಬ್ರಿಟಿಷ್ ಏರ್‌ವೇಸ್ ಜಂಬೋ ವಿಮಾನದ ನಾಲ್ಕೂ ಎಂಜಿನ್ ನಿಂತವು. ಕೆಳಗಿಳಿದು ಬೂದಿಯಿಂದ ಹೊರಬಂದ ಮೇಲೆ ಅವು ಮತ್ತೆ ಹತ್ತಿಕೊಂಡು ವಿಮಾನ ಜಕಾರ್ತಾದಲ್ಲಿ ಇಳಿಯಿತು. ಆಕಾಶ ತಿಳಿಯಾಗಿ ಕಾಣುತ್ತಿದ್ದರೂ ವಿಮಾನ ರದ್ದಾಯಿತೆಂದು ಕೌಂಟರಿನಲ್ಲಿ ಜಗಳವಾಡುವ ಮುನ್ನ ಆ ರಾತ್ರಿ ನೆನಪಾಗಲಿ. 2024ರ ನವೆಂಬರಿನಲ್ಲಿ ಬಾಲಿಯ ವಿಮಾನಗಳು ರದ್ದಾದದ್ದು ಸುಮಾರು 800 ಕಿಲೋಮೀಟರ್ ಆಚೆಯ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದದ್ದಕ್ಕೆ. 2025ರ ನವೆಂಬರಿನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿಯ ಬೂದಿ ದೆಹಲಿಯ ಆಕಾಶದವರೆಗೆ ಬಂದಿತ್ತು.

ಜ್ವಾಲಾಮುಖಿಯ ಬಳಿಯೇ ಮನೆ ಮಾಡಿದವರ ಮಾತು ಬೇರೆ. ಅಮೆರಿಕದ ಸಿಯಾಟಲ್ ಸುತ್ತ ನೆಲೆಸಿರುವ ಕನ್ನಡಿಗರು ಆಕಾಶ ತಿಳಿಯಾದ ದಿನ ಮನೆಯಂಗಳದಿಂದಲೇ ಹಿಮ ಹೊದ್ದ ರೇನಿಯರ್ ಬೆಟ್ಟ ನೋಡುತ್ತಾರೆ. ಆ ಹಿಮ ಕರಗಿದರೆ ಕೆಸರು ಇಳಿಯುವ ದಾರಿ ಇಂಥದೇ ಎಂದು ನಕ್ಷೆ ಇದೆ, ಆರ್ಟಿಂಗ್ ಪಟ್ಟಣದಲ್ಲಿ ಸೈರನ್ ಇದೆ, ಶಾಲಾ ಮಕ್ಕಳು ಸಾಲಾಗಿ ನಡೆದು ಎತ್ತರ ಸೇರುವ ಅಭ್ಯಾಸ ಮಾಡುತ್ತಾರೆ. ಅಲ್ಲಿ ಮನೆ ಕೊಳ್ಳುವವರು ಶಾಲೆಯ ರೇಟಿಂಗ್ ನೋಡುವ ಹೊತ್ತಿಗೇ ಆ ನಕ್ಷೆಯನ್ನೂ ಬಿಡಿಸಿ ನೋಡಬೇಕು.

ಪ್ರವಾಸಿಗರು ವಿಮೆಯನ್ನು ಟಿಕೆಟ್ ಜೊತೆಗೇ ಮಾಡಿಸಬೇಕು. ಬೆಟ್ಟ ಸಿಡಿದ ಸುದ್ದಿ ಬಂದ ಮೇಲೆ ಕೊಂಡ ಪಾಲಿಸಿ ಸಾಮಾನ್ಯವಾಗಿ ಆ ಸ್ಫೋಟಕ್ಕೆ ಅನ್ವಯಿಸುವುದಿಲ್ಲ. ಬಾಲಿಯಲ್ಲಿ ಭಾರತದ ಕಾನ್ಸುಲೇಟ್ ಇದೆ, ಅದರ ತುರ್ತು ನಂಬರ್ ಹೊರಡುವ ಮುಂಚೆಯೇ ಫೋನಿನಲ್ಲಿರಲಿ. ವೀಸಾ ಅವಧಿ ಮುಗಿಯುವುದರೊಳಗೆ ವಿಮಾನ ಸಿಗದಿದ್ದರೆ ವಿಮಾನ ಕಂಪನಿಯಿಂದ ರದ್ದತಿಯ ಪತ್ರ ಪಡೆದು ವಲಸೆ ಕಚೇರಿಗೆ ಕೂಡಲೇ ತಿಳಿಸಬೇಕು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಬಿಪಿ, ಶುಗರ್ ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚಿಗೆ ತೆಗೆದುಕೊಂಡು, ಡಾಕ್ಟರ್ ಚೀಟಿಯೊಂದಿಗೆ, ಕೈಚೀಲದಲ್ಲೇ ಇಟ್ಟುಕೊಳ್ಳಿ.