ನೆರೆ ಇಳಿದ ಮೇಲೆ ಉಳಿಯುವುದೇನು?



ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿ ನಮ್ಮ ನರಗುಂದ, ರೋಣ ತಾಲ್ಲೂಕುಗಳ ಅಂಚಿನಲ್ಲಿ ಹರಿಯುತ್ತದೆ. ಬೇಸಿಗೆಯಲ್ಲಿ ಸೊರಗಿ ಹೋಗುವ ಈ ಹೊಳೆ 2009ರಲ್ಲಿ ಮತ್ತು 2019ರ ಆಗಸ್ಟ್ ತಿಂಗಳಿನಲ್ಲಿ ಉಕ್ಕಿ ಹರಿದು ಊರುಗಳಿಗೆ ನುಗ್ಗಿತು. ಕೊಣ್ಣೂರು, ಹೊಳೆಆಲೂರು ಭಾಗದ ಹಿರಿಯರನ್ನು ಕೇಳಿ, ಆ ದಿನಗಳ ಕಥೆ ಹೇಳುತ್ತಾರೆ.

ಇಂಥ ಹೊತ್ತಿನಲ್ಲಿ ಊರೂರಿನಿಂದ ನೆರವು ಬರುತ್ತದೆ. ಇದು ನಮ್ಮ ನಾಡಿನ ದೊಡ್ಡ ಗುಣ. ಆದರೆ ನೀರು ಇಳಿದು, ಜನ ಮನೆಗೆ ಮರಳಿದ ಮೇಲೆ ಏನು ಉಳಿಯುತ್ತದೆ? ನೀರಿನ ಬಾಟಲಿ, ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಚೀಲ. ಪರಿಹಾರ ಕೇಂದ್ರಗಳು ಹೆಚ್ಚಾಗಿ ಶಾಲೆಗಳೇ ಆದ್ದರಿಂದ ಈ ಕಸ ಉಳಿಯುವುದು ನೀವು ಆಡುವ ಅಂಗಳದಲ್ಲಿ. ಅನ್ನ ಅಂಟಿದ ಚೀಲವನ್ನು ದನ ತಿಂದರೆ ಅದು ಹೊಟ್ಟೆಯಲ್ಲೇ ಗಂಟಾಗಿ ಕೂರುತ್ತದೆ. ನೆರವಿನ ಜೊತೆ ಕಸವನ್ನೂ ಕಳಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ವಿಜ್ಞಾನ ಏನು ಹೇಳುತ್ತದೆ?

ಹತ್ತಿಯ ಸುಮಾರು ಶೇ. 90 ಭಾಗ ಸೆಲ್ಯುಲೋಸ್. ಗ್ಲೂಕೋಸ್ ಅಣುಗಳನ್ನು ಮಣಿಗಳಂತೆ ಪೋಣಿಸಿದ ಸರ ಇದು. ಸೆಣಬು, ಎಲೆ, ಕಣಕಿಗಳಲ್ಲೂ ಇದೆ. ಮಣ್ಣಿನ ಸೂಕ್ಷ್ಮಜೀವಿಗಳ ಬಳಿ ಈ ಸರವನ್ನು ಕತ್ತರಿಸುವ ಕಿಣ್ವವಿದೆ. ಆದ್ದರಿಂದ ಇವು ಕೊಳೆತು ಗೊಬ್ಬರವಾಗುತ್ತವೆ. ಪಾಲಿಥೀನ್ ಕೂಡ ಒಂದು ಸರವೇ. ಆದರೆ ಅದನ್ನು ಕತ್ತರಿಸುವುದು ಸೂಕ್ಷ್ಮಜೀವಿಗಳಿಗೆ ತೀರಾ ಕಷ್ಟ. ಅದು ಚೂರುಚೂರಾಗಿ ಎರೆಮಣ್ಣಿನಲ್ಲೇ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಗೋವಿನಜೋಳದ ಪಿಷ್ಟದಿಂದ ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಪ್ಲಾಸ್ಟಿಕ್ ಮಾಡುತ್ತಾರೆ. ಬೆಳೆಯಿಂದ ಬಂದದ್ದೆಂದು ತಿಪ್ಪೆಗೆ ಎಸೆದರೆ ಬೇಗ ಕರಗದು. ಅದಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೊಬ್ಬರ ಘಟಕ ಬೇಕು. ಕಾಗದದ ಲೋಟದ ಒಳಗೂ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ.

ನಮ್ಮಲ್ಲೇ ಇದೆ ಉತ್ತರ

ಖಡಕ್ ರೊಟ್ಟಿಯನ್ನೇ ನೋಡಿ. ಅದರಲ್ಲಿ ನೀರಿನಂಶ ತೀರಾ ಕಡಿಮೆ. ಬೂಸ್ಟು ಬೆಳೆಯಲು ತೇವ ಬೇಕು, ಆದ್ದರಿಂದ ರೊಟ್ಟಿ ಬಹಳ ದಿನ ಕೆಡದು. ಒಂದೊಂದು ರೊಟ್ಟಿಗೂ ಪ್ಲಾಸ್ಟಿಕ್ ಸುತ್ತಬೇಕಿಲ್ಲ, ಬಟ್ಟೆಯಲ್ಲಿ ಕಟ್ಟಿ ಡಬ್ಬಿಯಲ್ಲಿಟ್ಟರೆ ಸಾಕು. ಊಟಕ್ಕೆ ಮುತ್ತಲ ಎಲೆಯ ಪತ್ರಾವಳಿ ಅಥವಾ ಮಲೆನಾಡಿನ ಅಡಿಕೆ ಹಾಳೆಯ ತಟ್ಟೆ ಇದೆ. ಕಾಳುಕಡಿಗೆ ಗೋಣಿಚೀಲವಿದೆ. ಗಜೇಂದ್ರಗಡ ಪಟ್ಟೇದ ಅಂಚು ಸೀರೆ ನೇಯುವ ಊರು. ಹಳೆಯ ಹತ್ತಿ ಸೀರೆ ಒಂದರಿಂದ ಎಷ್ಟು ಕೈಚೀಲ ಹೊಲಿಯಬಹುದು, ಲೆಕ್ಕ ಹಾಕಿ!

“ಸರ್, ಮಳೆಯಲ್ಲಿ ಬಟ್ಟೆ, ಗೋಣಿಚೀಲ ತೊಯ್ಯುವುದಿಲ್ಲವೇ?” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ತೊಯ್ಯುತ್ತವೆ. ಹಾಗಾಗಿ ಸಾವಿರ ಸಣ್ಣ ಚೀಲಗಳ ಬದಲು ಇಡೀ ಗಾಡಿಗೆ ಒಂದೇ ದೊಡ್ಡ ತಾಡಪತ್ರಿ ಹೊದಿಸೋಣ. ಅದನ್ನು ತೊಳೆದು, ಒಣಗಿಸಿ ಮತ್ತೆ ಬಳಸಬಹುದು. ಔಷಧಿ, ಕುಡಿಯುವ ನೀರಿಗೆ ಪ್ಲಾಸ್ಟಿಕ್ ಬೇಕಾದರೆ ಬಳಸಲೇಬೇಕು. ಜೀವ ಮೊದಲು. ಬೇಡದ ಕಡೆ ಬಿಡೋಣ ಎಂಬುದಷ್ಟೇ ನನ್ನ ಮಾತು.

ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ಥರ್ಮೋಕೋಲ್ ತಟ್ಟೆಗಳನ್ನು 2016ರಲ್ಲೇ ನಿಷೇಧಿಸಲಾಗಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಆದರೆ ನೆರೆ ಬಂದ ದಿನ ಪತ್ರಾವಳಿ ಹುಡುಕಿದರೆ ಎಲ್ಲಿ ಸಿಗುತ್ತದೆ? ಮಳೆಗಾಲಕ್ಕೆ ಮುಂಚೆಯೇ ಕೂಡಿಡಬೇಕು. ಈ ಮಾತನ್ನು ನಿಮ್ಮ ಮನೆಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ಹೇಳಿ.

ಮಾಡಿ ನೋಡಿ

ಹತ್ತಿ ಬಟ್ಟೆ, ಗೋಣಿಚೀಲ, ಪತ್ರಾವಳಿ, ಪ್ಲಾಸ್ಟಿಕ್ ಚೀಲ – ನಾಲ್ಕರಿಂದಲೂ ಒಂದೇ ಅಳತೆಯ ತುಂಡು ಕತ್ತರಿಸಿ. ಶಾಲೆಯ ಅಂಗಳದಲ್ಲಿ ಒಂದು ಗೇಣು ಆಳದಲ್ಲಿ ಹೂಳಿ, ಗುರುತಿಗೆ ಕಡ್ಡಿ ನೆಡಿ. ಆಗಾಗ ನೀರು ಚಿಮುಕಿಸಿ. ಎರಡು ತಿಂಗಳ ನಂತರ ಅಗೆದು ನೋಡಿ. ಯಾವುದು ಎಷ್ಟು ಕರಗಿದೆ? ಕಂಡದ್ದನ್ನು ಬರೆದಿಡಿ. ನನ್ನ ಮಾತನ್ನು ಸುಮ್ಮನೆ ನಂಬಬೇಡಿ, ಮಣ್ಣನ್ನೇ ಕೇಳಿ.